ಟ್ರ್ಯಾಕ್ಟರ್ ಚಾಲೂ ಆಗದೆ? ಮೊದಲು ಟರ್ಮಿನಲ್ ನೋಡಿ

ರೋಹಿಣಿ ಮಳೆ ಬಿದ್ದು ನೆಲ ಹದಕ್ಕೆ ಬಂದ ದಿನವೇ ಟ್ರ್ಯಾಕ್ಟರ್ ಚಾಲೂ ಆಗದಿದ್ದರೆ ರೈತರ ಪೇಚಾಟ ಹೇಳತೀರದು. ಹದ ಯಾರಿಗಾಗಿಯೂ ಕಾಯುವುದಿಲ್ಲ. ಈ ಅವಸರದಲ್ಲಿ ಹಲವರು ನೇರವಾಗಿ ಪೇಟೆಗೆ ಹೋಗಿ ಸಾವಿರಾರು ರೂಪಾಯಿ ತೆತ್ತು ಹೊಸ ಬ್ಯಾಟರಿ ತರುತ್ತಾರೆ. ದೋಷವಿರುವುದು ಅನೇಕ ವೇಳೆ ಬ್ಯಾಟರಿಯಲ್ಲಲ್ಲ, ಅದಕ್ಕೆ ಜೋಡಿಸಿದ ಟರ್ಮಿನಲ್‌ಗಳಲ್ಲಿ.

ಪೆಟ್ರೋಲ್ ಕಾರಿನಂತೆ ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಬ್ಯಾಟರಿಯ ಮುಖ್ಯ ಕೆಲಸ ಸ್ಟಾರ್ಟರನ್ನು ತಿರುಗಿಸುವುದು. ಆದ್ದರಿಂದ ಸ್ಟಾರ್ಟರ್ ಚುರುಕಾಗಿ ತಿರುಗಿಯೂ ಎಂಜಿನ್ ಚಾಲೂ ಆಗದಿದ್ದರೆ ಡೀಸೆಲ್, ಫಿಲ್ಟರ್, ಪೈಪಿನಲ್ಲಿ ಸೇರಿದ ಗಾಳಿ ಇವುಗಳತ್ತ ಗಮನ ಕೊಡಬೇಕು.

ಸ್ಟಾರ್ಟರೇ ತಿರುಗದಿದ್ದರೆ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಬ್ರೇಕ್ ಹಾಕಿ, ಗೋಡೆಯ ಮೇಲೆ ಬೆಳಕು ಬೀಳುವಂತೆ ಹೆಡ್‌ಲೈಟ್ ಹೊತ್ತಿಸಿ ಕೀಲಿ ತಿರುಗಿಸಿ. ಬೆಳಕು ಮಂಕಾಗಿ 'ಟಿಕ್ ಟಿಕ್' ಸದ್ದು ಬಂದರೆ ಬ್ಯಾಟರಿ ಸೊರಗಿರಬೇಕು, ಇಲ್ಲವೇ ಟರ್ಮಿನಲ್ ಕಿಲುಬು ಹಿಡಿದಿರಬೇಕು. ಬೆಳಕು ಕುಂದದೆ, ಸದ್ದೂ ಬಾರದಿದ್ದರೆ ಕೀಲಿಯ ಸ್ವಿಚ್ಚು, ಕ್ಲಚ್ ಬಳಿಯ ಸುರಕ್ಷಾ ಸ್ವಿಚ್ಚು ಅಥವಾ ಸ್ಟಾರ್ಟರಿಗೆ ಹೋಗುವ ಸಣ್ಣ ವೈರನ್ನು ಪರೀಕ್ಷಿಸಿ. ಬೇಸಿಗೆಯಿಡೀ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ವೈರನ್ನು ಇಲಿ ಕಡಿದಿರುವುದುಂಟು.

'ಲೈಟು ಹೊತ್ತುತ್ತದೆ, ಅಂದ ಮೇಲೆ ಟರ್ಮಿನಲ್ ಸರಿಯಾಗಿಯೇ ಇದೆ' ಎಂಬ ವಾದವನ್ನು ಊರೂರಲ್ಲೂ ಕೇಳುತ್ತೇವೆ. ಇದು ತಪ್ಪು. ಲೈಟಿಗೆ ಕೆಲವೇ ಆಂಪಿಯರ್ ಸಾಕು. ಸ್ಟಾರ್ಟರಿಗೆ ನೂರಾರು ಆಂಪಿಯರ್ ಬೇಕು. ಹೂಳು ತುಂಬಿದ ಕಾಲುವೆಯಲ್ಲಿ ಎಮ್ಮೆ ಕುಡಿಯುವಷ್ಟು ನೀರು ಬರಬಹುದು, ಗದ್ದೆಗೆ ಹಾಯುವಷ್ಟು ಬಾರದು.

ಟರ್ಮಿನಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ಅದೇ ಕೊನೆಗೆ. ಬ್ಯಾಟರಿಯ ಮುಚ್ಚಳಗಳನ್ನು ಬಿಗಿ ಮಾಡಿ, ಬಿಸಿನೀರಿನಲ್ಲಿ ಕದಡಿದ ಅಡಿಗೆ ಸೋಡಾದಿಂದ ಬಿಳಿ-ಹಸಿರು ಪುಡಿಯನ್ನು ತೊಳೆಯಿರಿ. ಒಣಗಿದ ಮೇಲೆ ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಭದ್ರವಾಗಿ ಬಿಗಿದು, ಮೇಲೆ ವ್ಯಾಸಲಿನ್ ಸವರಬೇಕು. ನೆಗೆಟಿವ್ ವೈರಿನ ಇನ್ನೊಂದು ತುದಿ ಗಾಡಿಯ ಮೈಗೆ ಬೋಲ್ಟಾಗಿರುತ್ತದೆ. ಅಲ್ಲಿಯ ತುಕ್ಕು, ಬಣ್ಣ, ಕೆಸರನ್ನು ನೋಡುವವರು ಕಡಿಮೆ. ದೋಷ ಅಡಗಿ ಕೂರುವುದು ಹೆಚ್ಚಾಗಿ ಅಲ್ಲಿಯೇ. ಬ್ಯಾಟರಿಯಿಂದ ಹೊರಡುವ ಅನಿಲ ಸಿಡಿಯುವಂಥದ್ದು, ಹತ್ತಿರ ಬೀಡಿ ಕೂಡದು.

ಮೀಟರ್ ಇದ್ದವರಿಗೆ ಇನ್ನೂ ಸುಲಭ. ವಿಶ್ರಾಂತಿಯಲ್ಲಿದ್ದ ಬ್ಯಾಟರಿ 12.6 ವೋಲ್ಟ್ ತೋರಿದರೆ ತುಂಬಿದೆ, 12ಕ್ಕೆ ಇಳಿದಿದ್ದರೆ ಚಾರ್ಜ್ ಮಾಡಿಸಬೇಕು. ಎಂಜಿನ್ ಓಡುವಾಗ ಸುಮಾರು 14 ಬರಬೇಕು. ಬಾರದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ. ಹೊಸ ಬ್ಯಾಟರಿಯೂ ಪದೇ ಪದೇ ಇಳಿಯುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಕೆಳಗೆ ನಿಂತು ಸ್ಟಾರ್ಟರಿಗೆ ಸ್ಪ್ಯಾನರ್ ಅಡ್ಡ ಹಿಡಿದು ಗಾಡಿ ಎಬ್ಬಿಸುವ ಚಾಳಿಯನ್ನಂತೂ ಬಿಡಲೇಬೇಕು. ಹೀಗೆ ಮಾಡಿದಾಗ ಸುರಕ್ಷಾ ಸ್ವಿಚ್ಚು ಲೆಕ್ಕಕ್ಕೇ ಬರುವುದಿಲ್ಲ. ಗೇರಿನಲ್ಲಿದ್ದ ಟ್ರ್ಯಾಕ್ಟರ್ ಒಮ್ಮೆಲೇ ನುಗ್ಗಿ ಹಿಂದಿನ ಚಕ್ರ ಮೈಮೇಲೆ ಹರಿಯುತ್ತದೆ, ಪ್ರಾಣ ಕಳೆದುಕೊಂಡವರಿದ್ದಾರೆ.

ಬೇಸಿಗೆಯಲ್ಲಿ ಗಾಡಿ ನಿಲ್ಲಿಸುವವರು ನೆಗೆಟಿವ್ ವೈರನ್ನು ಕಳಚಿಟ್ಟು, ತಿಂಗಳಿಗೊಮ್ಮೆ ಬ್ಯಾಟರಿಯನ್ನು ಚಾರ್ಜ್ ಮಾಡಿಸಲಿ. ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು, ಬೋರಿನ ನೀರು ಸಲ್ಲದು.