ಅದೇ ತೋಟ, ಅದೇ ಓಟ: ಈ ಸಲ ನಾನು ಕಾದೆ

ಮೂರು ವರ್ಷದ ಹಿಂದೆ ನಾನು, ನನ್ನ ಹೆಂಡತಿ ಇಬ್ಬರೂ ಮಲ್ನಾಡ್ ಅಲ್ಟ್ರಾಗೆ ಹೆಸರು ಕೊಟ್ಟಿದ್ದೆವು. ಚಿಕ್ಕಮಗಳೂರು ಕಡೆಯ ಬೆಟ್ಟ, ಕಾಫಿ ತೋಟಗಳ ನಡುವಿನ ಓಟ ಅದು. ಬೇರೆ ಬೇರೆ ದೂರದ ವಿಭಾಗಗಳಿವೆ. ನಾವು ಆರಿಸಿಕೊಂಡದ್ದು 30 ಕಿ.ಮೀ.

ಅರ್ಧ ದಾರಿ ದಾಟಿದ ಮೇಲೆ ಒಂದು ಇಳಿಜಾರು ಬಂತು. ಬೆಂಗಳೂರಿನ ರಸ್ತೆಯಲ್ಲಿ ಓಡಿ ಅಭ್ಯಾಸವಿದ್ದ ನನಗೆ ಅದು ಫ್ರೀ ಸ್ಪೀಡ್ ಅನ್ನಿಸಿತು. ಹಿಂದಿನಿಂದ ಅವಳು "ನಿಧಾನ ಕಣೋ" ಅಂತ ಕೂಗಿದ್ದು ಕೇಳಿಸಿತ್ತು. ಆದರೂ ಓಡಿದೆ. ಎಲೆ ಮುಚ್ಚಿದ ಬೇರಿನ ಮೇಲೆ ಕಾಲಿಟ್ಟೆ, ಪಾದ ಉಳುಕಿತು.

ಅವಳ ಕಾಲು ಚೆನ್ನಾಗಿತ್ತು, ಟೈಮೂ ಇತ್ತು. "ನೀನು ಹೋಗು" ಅಂದೆ, ಹೋಗಲಿಲ್ಲ. ನನ್ನ ಕೈಯನ್ನು ಹೆಗಲ ಮೇಲೆ ಹಾಕ್ಕೊಂಡು ಮುಂದಿನ ಏಡ್ ಸ್ಟೇಷನ್‌ವರೆಗೆ ನಡೆಸಿದಳು. ಅಷ್ಟರಲ್ಲಿ ಗಡುವು ಅವಳ ಕೈಗೂ ಸಿಗದಷ್ಟು ಹತ್ತಿರ ಬಂದಿತ್ತು. ಇಬ್ಬರ ಹೆಸರಿನ ಮುಂದೂ ಡಿಎನ್‌ಎಫ್, ಅಂದರೆ ಓಟ ಮುಗಿಸಲಿಲ್ಲ ಅನ್ನೋ ಷರಾ ಬಿತ್ತು.

ಆಮೇಲೆ ಯಾರೇ ಕೇಳಿದರೂ ನಾನು "ನಮ್ಮಿಬ್ಬರಿಗೂ ಆಗಲಿಲ್ಲ" ಅಂತ ಹೇಳ್ತಿದ್ದೆ. ಒಂದು ದಿನ ಫ್ರೆಂಡ್ಸ್ ಊಟಕ್ಕೆ ಬಂದಿದ್ದಾಗಲೂ ಹಾಗೇ ಹೇಳಿದೆ. ಅವರು ಹೋದ ಮೇಲೆ ಪಾತ್ರೆ ತೊಳೀತಾ ಅವಳು ಕೇಳಿದಳು, "ನಮ್ಮಿಬ್ಬರಿಗೂ ಅಂತ ಯಾಕೆ ಹೇಳ್ತೀಯ? ನನಗೆ ಆಗ್ತಿತ್ತಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ.

ಮತ್ತೆ ಹೋಗೋಣ ಅಂದಳು

ಕಳೆದ ವರ್ಷ ಅವಳೇ ವಿಷಯ ತೆಗೆದಳು. ಈ ಸಲ 50 ಕಿ.ಮೀ. ಓಡ್ತೀನಿ ಅಂದಳು. ಇಬ್ಬರೂ ಲಾಂಗ್ ರನ್‌ಗೆ ಹೋದರೆ ಮನೆ ನೋಡೋರು ಯಾರು? ನಾನು ಓಡಲ್ಲ, ನಿನ್ನ ಜೊತೆ ಬರ್ತೀನಿ ಅಂದೆ. ಒಳಗೊಳಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು, ಸುಳ್ಳು ಹೇಳಲ್ಲ.

ನಾಲ್ಕು ತಿಂಗಳು ಶನಿವಾರ ತುರಹಳ್ಳಿ, ಭಾನುವಾರ ನಂದಿ ಬೆಟ್ಟದ ಮೆಟ್ಟಿಲು. ಹತ್ತೋದಕ್ಕಿಂತ ಇಳಿಯೋದರ ಅಭ್ಯಾಸವನ್ನೇ ಜಾಸ್ತಿ ಮಾಡಿದಳು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರ ತಡೆಯುತ್ತಲೇ ಎಳೆಯಲ್ಪಡುತ್ತದೆ. ಅದರ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಎರಡು ದಿನ ಕಾಡುವ ನೋವಿಗೆ ಅದೇ ಕಾರಣ. ಇಳಿಜಾರಿನಲ್ಲಿ ಮೊದಲೇ ಕೆಲವು ಸಲ ಓಡಿದ್ದರೆ ಮುಂದಿನ ಸಲ ಪೆಟ್ಟು ಕಡಿಮೆ. ಇದನ್ನೆಲ್ಲ ನಾನು ಮೂರು ವರ್ಷ ತಡವಾಗಿ ಕಲಿತೆ.

ಅವಳು ಓಡಿ ಬರುವ ಹೊತ್ತಿಗೆ ಇಡ್ಲಿ, ಚಟ್ನಿ ರೆಡಿ ಮಾಡೋದು, ಬಟ್ಟೆ ಒಗೆಯೋದು ನನ್ನ ಟ್ರೇನಿಂಗ್.

ಗುರುತು ಹಿಡಿದ ಆಂಟಿ

ಓಟಕ್ಕೆ ಎರಡು ದಿನ ಮೊದಲೇ ರಜೆ ಹಾಕಿ ಹೊರಟೆವು. ದಾರಿಯಲ್ಲಿ ಬೇಲೂರಿನಲ್ಲಿ ಇಳಿದೆವು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯ 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆ ಯುನೆಸ್ಕೋ ಪಟ್ಟಿ ಸೇರಿದೆ. ಹೋದ ಸಲ ಅವಸರದಲ್ಲಿ ಬೋರ್ಡ್ ನೋಡಿ ಮುಂದೆ ಹೋಗಿದ್ದೆವು.

ಉಳಿದದ್ದು ಅದೇ ಹೋಂಸ್ಟೇಯಲ್ಲಿ. ಆಂಟಿ ನೋಡಿದ ತಕ್ಷಣ, "ಹೋದ ಸಲ ಕುಂಟ್ಕೊಂಡು ಹೋದ್ರಲ್ಲ, ನೀವೇ ಅಲ್ವಾ?" ಅಂದರು. ಕಡುಬು ಬಡಿಸುತ್ತಾ ಇಂಬಳಕ್ಕೆ ಉಪ್ಪು ಇಟ್ಕೊಳ್ಳಿ ಅಂತ ಅವಳಿಗೆ ಹೇಳಿದರು. ತೋಟದಲ್ಲಿ ಸಿಲ್ವರ್ ಓಕ್ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿತ್ತು. ಅರೇಬಿಕಾ ಹಣ್ಣು ಅಲ್ಲಲ್ಲಿ ಕೆಂಪಾಗುತ್ತಿತ್ತು.

ಸಿಗ್ನಲ್ ಇಲ್ಲದ ದಿನ

ಬೆಳಗ್ಗೆ ಅವಳನ್ನು ಕಳಿಸಿ ಫಿನಿಶ್ ಹತ್ತಿರ ಕೂತೆ. ಮಧ್ಯಾಹ್ನದ ತನಕ ಆರಾಮ. ಆಮೇಲೆ ಒಬ್ಬೊಬ್ಬರೇ ಬರತೊಡಗಿದರು. ಅವಳಿಲ್ಲ. ಫೋನ್‌ನಲ್ಲಿ ಸಿಗ್ನಲ್ ಇಲ್ಲ. ಮೋಡ ಕವಿದು ಸಣ್ಣ ಮಳೆ ಹನಿಯಿತು. ಇಳಿಜಾರು ಜಾರುತ್ತೆ ಅನ್ನೋದು ತಲೆಯಲ್ಲಿ ಕೊರೆಯೋಕೆ ಶುರುವಾಯ್ತು. ಆಫೀಸಿನಲ್ಲಿ ಸರ್ವರ್ ಕೆಟ್ಟರೂ ಕೊನೇ ಪಕ್ಷ ಲಾಗ್ ನೋಡಬಹುದು. ಇಲ್ಲಿ ಮಣ್ಣಿನ ದಾರಿಯ ತಿರುವನ್ನು ನೋಡ್ತಾ ಕೂರೋದಷ್ಟೇ.

ಆಗ ಹೋದ ಸಲದ್ದು ನೆನಪಾಯ್ತು. "ನೀನು ಹೋಗು" ಅಂತ ನಾನು ಸುಲಭವಾಗಿ ಹೇಳಿದ್ದೆ. ನನ್ನನ್ನು ಆ ಕಾಡಿನಲ್ಲಿ ಒಬ್ಬನೇ ಬಿಟ್ಟು ಅವಳು ಏನಂತ ಓಡಬೇಕಿತ್ತು?

ಗಡುವಿಗೆ ಇಪ್ಪತ್ತು ನಿಮಿಷ ಇದ್ದಾಗ ತಿರುವಿನಲ್ಲಿ ನೀಲಿ ಟೋಪಿ ಕಾಣಿಸಿತು. ಮೊಣಕಾಲವರೆಗೆ ಕೆಸರು. ಗೆರೆ ದಾಟಿ ಬಂದವಳೇ ಕಲ್ಲಿನ ಮೇಲೆ ಕೂತಳು.

"ಇಳಿಜಾರಲ್ಲೆಲ್ಲ ನಡೆದೆ ಕಣೋ. ಅದಕ್ಕೇ ಲೇಟು."

ನಾನು ಹೇಳಬೇಕಾದ್ದು ಹೇಳಿದೆ. "ಹೋದ ಸಲ ನಿನಗೆ ಮುಗಿಸೋಕೆ ಆಗ್ತಿತ್ತು. ನನ್ನಿಂದ ತಪ್ಪಿತು. ಎಲ್ಲರ ಮುಂದೆ ಅದನ್ನ ಮುಚ್ಚಿಟ್ಟೆ. ಸಾರಿ."

"ಇಷ್ಟು ಹೇಳೋಕೆ ಮೂರು ವರ್ಷ ಬೇಕಾಯ್ತಾ? ಮೊದಲು ಶೂ ಬಿಚ್ಚು, ನನಗೆ ಬಗ್ಗೋಕಾಗ್ತಿಲ್ಲ."

ಬಿಚ್ಚಿದೆ. ಎರಡು ಇಂಬಳ ಇದ್ದವು. ಉಪ್ಪು ಕಾರಿನಲ್ಲೇ ಉಳಿದಿತ್ತು.

ಮರುದಿನ ಹೋಂಸ್ಟೇ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದಳು. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯನ್ನು ಕೆಳಗಿನಿಂದಲೇ ನೋಡಿ ಕಾಫಿ ಕುಡಿದೆವು.

ಜೋಡಿಯಾಗಿ ಹೋಗುವವರಿಗೆ

• ಓಟಕ್ಕೆ ಮೊದಲು ಒಂದು ದಿನ, ನಂತರ ಒಂದು ದಿನ ರಜೆ ಇಟ್ಟುಕೊಳ್ಳಿ. ಓಡಿ ಬಂದ ಕಾಲಿನಲ್ಲಿ ಅವತ್ತೇ ಡ್ರೈವ್ ಮಾಡಬೇಡಿ.

• ಹಿಡಿತ ಚೆನ್ನಾಗಿರುವ ಟ್ರೇಲ್ ಶೂ ಕೊಳ್ಳಿ, ಅಭ್ಯಾಸದಲ್ಲೇ ಪಳಗಿಸಿ. ಕಾಲ್ಬೆರಳಿನ ಉಗುರು ಕತ್ತರಿಸಿ. ಇಳಿಯುವಾಗ ಶೂಗೆ ಒತ್ತಿ ಉಗುರು ಕಪ್ಪಾಗುತ್ತೆ.

• ಬರೀ ನೀರು ಕುಡಿಯುತ್ತಾ ಹೋಗಬೇಡಿ. ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ಎಲೆಕ್ಟ್ರೋಲೈಟ್ ಜೊತೆಗಿರಲಿ.

• ಒಬ್ಬರಿಗೆ ಪೆಟ್ಟಾದರೆ ಇನ್ನೊಬ್ಬರು ನಿಲ್ಲಬೇಕಾ, ಓಡಬೇಕಾ ಅನ್ನೋದನ್ನ ಮನೆಯಲ್ಲೇ ಮಾತಾಡಿಕೊಳ್ಳಿ. ನಾವು ಮಾತಾಡಿರಲಿಲ್ಲ.

ಮುಂದಿನ ಸಲಕ್ಕೆ ನಾನು 30ಕ್ಕೆ ಹೆಸರು ಕೊಡೋಣ ಅಂತಿದ್ದೀನಿ. ಕಾಯೋ ಸರದಿ ಅವಳದಂತೆ. ಇಳಿಜಾರಿನಲ್ಲಿ ನಡೀತೀನಿ ಅಂತ ಮಾತು ಕೊಟ್ಟಿದ್ದೀನಿ.