ಇನ್ನೊಂದು ಸಣ್ಣ ಬದಲಾವಣೆ!

ಬಿ.ಇ. ಓದುತ್ತಲೇ ಜಿಗಣಿಯ ಸಣ್ಣ ಕಾರ್ಖಾನೆಯೊಂದಕ್ಕೆ ಲೋಗೊ ಮಾಡಿದೆ. ಒಪ್ಪಂದವೆಲ್ಲ ಬಾಯಿಮಾತಲ್ಲೇ. ‘ಇನ್ನೊಂದು ಸಣ್ಣ ಬದಲಾವಣೆ’ ಎನ್ನುತ್ತಾ 14 ಸಲ ತಿದ್ದಿಸಿದರು. ದುಡ್ಡು ಬರಲಿಲ್ಲ. ಪರೀಕ್ಷಾ ಶುಲ್ಕಕ್ಕೆ ಅಪ್ಪನ ಮುಂದೆ ಕೈಚಾಚಿದೆ.

ಆನೇಕಲ್‌ನಲ್ಲಿ ರೇಷ್ಮೆ ಮಗ್ಗ ನಡೆಸುವ ಅಪ್ಪ ಬೈಯಲಿಲ್ಲ. ‘ಒಂದು ಸೀರೆಗೂ ಬಣ್ಣ, ಅಂಚು, ಕೂಲಿ ಮೊದಲೇ ಮಾತಾಡ್ಕೊತೀವಿ ಕಣೋ’ ಎಂದರು.

ಅತ್ತಿಬೆಲೆಯ ಬೇಕರಿಯೊಂದಕ್ಕೆ ಈ ಸಲ ಒಂದು ಪುಟದ ಪ್ರಪೋಸಲ್ ಬರೆದೆ: ಅವರಿಗೆ ಬೇಕಿರುವುದೇನು, ನಾನು ಕೊಡುವುದೇನು, ಯಾವ ದಿನ, ಎರಡೇ ತಿದ್ದುಪಡಿ, ಅರ್ಧ ಮುಂಗಡ, ಬಾಕಿ ಕೊಟ್ಟಾಗ ಮೂಲ ಫೈಲ್. ಹಕ್ಕಿನ ವಿಷಯವನ್ನೂ ಸೇರಿಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷವಷ್ಟೇ.

ಮಾಲೀಕರು ಓದಿ, ‘ಮೂರು ತಿದ್ದುಪಡಿ ಮಾಡ್ಕೊಡಪ್ಪ’ ಎಂದು ಸಹಿ ಹಾಕಿದರು. ಒಪ್ಪಿದೆ. ಚೌಕಾಸಿಯೆಲ್ಲ ಕೆಲಸ ಶುರುವಾಗುವ ಮೊದಲೇ ಮುಗಿದಿತ್ತು.