ಬಾವಿ ನೀರಿನ ವಿಷಕ್ಕೆ ಬಂಗಾರದ ಸಾಕ್ಷಿ

1984ರಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಕೆಳಗೆ ತುಂಗಭದ್ರೆಯಲ್ಲಿ ಮೀನುಗಳು ಸತ್ತು ತೇಲಿದವು. ಹೊಳೆ ಕೆಟ್ಟಿದ್ದನ್ನು ಎಲ್ಲರ ಕಣ್ಣಿಗೂ ಕಾಣುವಂತೆ ತೋರಿಸಿದ್ದು ಆ ಮೀನುಗಳೇ.

ಹೊಸರಿತ್ತಿಯವರು ವರದಾ ದಂಡೆಯವರು. ವರದೆಯು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುವುದರಿಂದ ಕುಮಾರಪಟ್ಟಣದ ಕೊಳೆ ಇಲ್ಲಿಗೆ ಹತ್ತಿ ಬರುವಂತಿಲ್ಲ. ಆದರೆ ಮೆಣಸಿನ ಗಿಡಕ್ಕೆ, ಹತ್ತಿಗೆ ಎಣ್ಣೆ ಹೊಡೆದು ಪಂಪನ್ನು ಹಳ್ಳದಲ್ಲಿ, ಬಾವಿಯ ಕಟ್ಟೆಯ ಮೇಲೆ ತೊಳೆಯುವವರು ಬೇರೆ ಯಾರೂ ಅಲ್ಲ. "ಸಾಹೇಬ್ರ, ನೀರು ತಿಳಿ ಐತಿ, ಕುಡಿಯಾಕ ಅಡ್ಡಿ ಇಲ್ಲಲ್ಲ?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ನೋಡಿ ಹೇಳುವ ಸಾಧನ ನನ್ನ ಬಳಿ ಇರಲಿಲ್ಲ.

ಅಂಥ ಸಾಧನದ ಹುಡುಕಾಟ ನಡೆದಿದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಹತ್ತಿಪ್ಪತ್ತು ನ್ಯಾನೊಮೀಟರ್ ಗಾತ್ರದ ಬಂಗಾರದ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದರೆ ಆ ನೀರು ಹಳದಿಯಾಗಿರುವುದಿಲ್ಲ, ದಾಸವಾಳದಂತೆ ಕೆಂಪಗಿರುತ್ತದೆ. ಕಣಗಳು ಒಂದಕ್ಕೊಂದು ಅಂಟಿ ಗುಂಪುಗೂಡಿದರೆ ನೀಲಿಗೆ ತಿರುಗುತ್ತದೆ. ಮದ್ರಾಸಿನ ಐ.ಐ.ಟಿ.ಯ ಪ್ರೊಫೆಸರ್ ಟಿ. ಪ್ರದೀಪ್ ಅವರ ತಂಡವು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಂಡೋಸಲ್ಫಾನ್ ಇರುವುದನ್ನು ಇಂಥ ಬಣ್ಣದ ಬದಲಾವಣೆಯಿಂದಲೇ ಕಂಡುಹಿಡಿದರು. ಕಾಸರಗೋಡಿನ ಗೇರು ತೋಟದ ಊರುಗಳನ್ನು ಕಾಡಿದ, 2011ರಲ್ಲಿ ಸುಪ್ರೀಂ ಕೋರ್ಟು ತಡೆದ ಔಷಧಿ ಅದೇ.

ಹಾಗೆಂದು ನಾಳೆಯೇ ಶೀಶೆ ಹಿಡಿದು ಬಾವಿಗೆ ಹೊರಡುವಂತಿಲ್ಲ. ಆ ಪ್ರಯೋಗ ವಿಷವನ್ನು ಹಿಡಿದದ್ದು ದಶಲಕ್ಷಕ್ಕೆ ಇಷ್ಟು ಭಾಗ ಎಂಬ ಲೆಕ್ಕದಲ್ಲಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಹಾಕಿರುವ ಮಿತಿಯೋ ಲೀಟರಿಗೆ 0.4 ಮೈಕ್ರೋಗ್ರಾಂ, ಅಂದರೆ ನೂರು ಕೋಟಿಗೆ ಅರ್ಧ ಭಾಗವೂ ಇಲ್ಲ. ಇನ್ನೊಂದು ತೊಡಕು ಉಪ್ಪಿನದು. ನೀರಿನಲ್ಲಿ ಉಪ್ಪಿನಂಶ ಹೆಚ್ಚಿದ್ದರೆ, ವಿಷವಿಲ್ಲದಿದ್ದರೂ ಬಂಗಾರದ ಕಣ ಗುಂಪುಗೂಡಿ ನೀಲಿಯಾಗುತ್ತದೆ. ನಮ್ಮ ಸವಳು ಬೋರ್‌ವೆಲ್ಲುಗಳಲ್ಲಿ ಇದು ಸುಳ್ಳು ಸಾಕ್ಷಿ ನುಡಿದೀತು! ಈ ದೋಷ ನೀಗುವವರೆಗೆ ಪ್ರಯೋಗಾಲಯವೇ ಗತಿ ಎಂಬುದು ನನ್ನ ಅಭಿಪ್ರಾಯ.

ಸಂಶಯವಿದ್ದವರು ಸ್ವಚ್ಛ ಗಾಜಿನ ಶೀಶೆಯಲ್ಲಿ ನೀರು ತುಂಬಿ, ಬಿಸಿಲು ತಾಗದಂತೆ ತಂಪಾಗಿಟ್ಟು ಬೇಗ ಕಳಿಸಬೇಕು. ಔಷಧಿಯ ಹಳೇ ಡಬ್ಬಿಯಲ್ಲಿ ತಂದರೆ ಪರೀಕ್ಷೆ ಆಗುವುದು ಡಬ್ಬಿಯದ್ದೇ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕದ ಉಳಿಕೆ ಅಳೆಯುವ ಪ್ರಯೋಗಾಲಯವಿದೆ. ಕಳಿಸುವ ಮೊದಲು ಎಷ್ಟು ನೀರು ಬೇಕು, ಶುಲ್ಕ ಎಷ್ಟು ಎಂಬುದನ್ನು ವಿಚಾರಿಸಿಕೊಳ್ಳಿರಿ. ಯಾವ ಯಾವ ಎಣ್ಣೆ ಹೊಡೆದಿದ್ದೀರಿ ಎಂಬ ಚೀಟಿಯೂ ಜೊತೆಗಿರಲಿ.

ಖಾಲಿ ಡಬ್ಬಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಪಂಪಿಗೇ ಸುರಿದು ಅದೇ ಬೆಳೆಗೆ ಹೊಡೆಯಿರಿ. ಬಾವಿಯ ಕಟ್ಟೆಗೆ ಪಂಪನ್ನು ತರಬೇಡಿರಿ.